ಕಬ್ಬನ್ ಪಾರ್ಕಿನ ರಾಣಿ, ಬಳ್ಳಾರಿಯ ಬರ

ಬೆಂಗಳೂರಿಗೆ ಇಂಟರ್ನ್‌ಶಿಪ್ ಅಂತಲೋ ಸಂದರ್ಶನ ಅಂತಲೋ ಹೋದವರು ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕಿನ ಕಡೆ ನಡೆದಿದ್ದರೆ ಆ ಬಿಳಿ ಅಜ್ಜಿಯನ್ನು ನೋಡೇ ಇರ್ತೀರಿ. ಎತ್ತರದ ಗ್ರಾನೈಟ್ ಪೀಠದ ಮೇಲೆ ಕಿರೀಟ ಇಟ್ಟುಕೊಂಡು, ನೆಲಕ್ಕೆ ತಾಗುವ ನಿಲುವಂಗಿ ಹೊದ್ದು ನಿಂತಿದ್ದಾಳೆ. ಕಳೆದ ರಜೆಯಲ್ಲಿ ನಾನು, ನನ್ನ ಕುರುಗೋಡಿನ ರೂಮ್‌ಮೇಟ್ ಇಬ್ಬರೂ ಅಲ್ಲಿ ಕೂತು ಕಡಲೆಕಾಯಿ ತಿಂದೆವು. ಯಾರೋ ವಿಕ್ಟೋರಿಯಾ ರಾಣಿ ಅಂತ ಗೊತ್ತಿತ್ತು, ಅಷ್ಟೇ. ಊರಿಗೆ ಬಂದ ಮೇಲೆ ಓದ್ತಾ ಹೋದಂತೆ, ಈಕೆಗೂ ನಮ್ಮ ಬಳ್ಳಾರಿಗೂ ಇರುವ ಸಂಬಂಧ ಬೆಂಗಳೂರಿನದಕ್ಕಿಂತ ನೇರವಾದದ್ದು ಅಂತ ತಿಳೀತು.

ವಿಕ್ಟೋರಿಯಾ ಹುಟ್ಟಿದ್ದು 1819ರ ಮೇ 24ರಂದು, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ. ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡ. ಅಮ್ಮನ ಕಟ್ಟುನಿಟ್ಟಿನಲ್ಲಿ, ಜೊತೆಗಾರರಿಲ್ಲದೆ ಬೆಳೆದ ಹುಡುಗಿ. ದೊಡ್ಡಪ್ಪಂದಿರಿಗೆ ಸಿಂಹಾಸನಕ್ಕೆ ಬರುವಂಥ ಮಕ್ಕಳು ಉಳಿಯಲಿಲ್ಲ, ಹಾಗಾಗಿ 1837ರ ಜೂನ್ 20ರಂದು ಹದಿನೆಂಟನೇ ವಯಸ್ಸಿಗೇ ರಾಣಿಯಾದಳು. ನಮ್ಮಲ್ಲಿ ಫಸ್ಟ್ ಇಯರ್ ಸೇರುವ ವಯಸ್ಸು ಅದು. 1840ರಲ್ಲಿ ಆಲ್ಬರ್ಟ್ ಜೊತೆ ಮದುವೆ, ಒಂಬತ್ತು ಮಕ್ಕಳು. 1861ರಲ್ಲಿ ಆಲ್ಬರ್ಟ್ ಸತ್ತ. ಆಮೇಲೆ ನಲವತ್ತು ವರ್ಷ, ಸಾಯುವ ತನಕ, ಆಕೆ ಉಟ್ಟಿದ್ದು ಕಪ್ಪು ಬಟ್ಟೆಯನ್ನೇ. ನಾವು ನೋಡೋದು ಮಾತ್ರ ಬಿಳಿ ಅಮೃತಶಿಲೆಯ ರಾಣಿಯನ್ನು!

1858ರ ನವೆಂಬರ್ 1ರಂದು ಕಂಪನಿ ಆಡಳಿತ ಮುಗಿದು ಭಾರತ ಆಕೆಯ ಹೆಸರಿಗೆ ಬಂತು. ಬೆಂಗಳೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. 1881ರಲ್ಲಿ ಒಡೆಯರಿಗೆ ರಾಜ್ಯ ವಾಪಸ್ಸೂ ಸಿಕ್ಕಿತು. ಬಳ್ಳಾರಿ ಹಾಗಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರಿಂದ ನಾವು ಮದ್ರಾಸ್ ಪ್ರಾಂತ್ಯದವರು, 1953ರಲ್ಲಿ ಮೈಸೂರಿಗೆ ಸೇರುವವರೆಗೂ. ಅಂದರೆ ಸಿರುಗುಪ್ಪದ ರೈತ, ಕುರುಗೋಡಿನ ಕೂಲಿ ಎಲ್ಲರೂ ಆಕೆಯ ನೇರ ಪ್ರಜೆಗಳು.

1876ರಲ್ಲಿ ಎರಡು ಸಂಗತಿ ಒಟ್ಟಿಗೇ ಆದವು. ಅಲ್ಲಿ ಪ್ರಧಾನಿ ಡಿಸ್ರೇಲಿ ಕಾಯ್ದೆ ತಂದು ರಾಣಿಗೆ ಚಕ್ರವರ್ತಿನಿ ಬಿರುದು ಕೊಡಿಸಿದ. ಆಕೆಗೂ ಅದರ ಆಸೆ ಬಹಳ ಇತ್ತು. ಇಲ್ಲಿ ಮಳೆ ಕೈಕೊಟ್ಟಿತು. ಹಿಂದಿನವರು ಧಾತು, ಈಶ್ವರ ಸಂವತ್ಸರಗಳ ಬರ ಅಂತ ಕರೆದದ್ದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ ತೀರಾ ಕೆಟ್ಟ ಏಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸಿರುಗುಪ್ಪ ಕಡೆ ತುಂಗಭದ್ರೆಯಿಂದ ತೆಗೆದ ವಿಜಯನಗರ ಕಾಲದ ಕಾಲುವೆಗಳಿದ್ದವು, ಅದು ಹೊಳೆದಂಡೆಯವರ ಪುಣ್ಯ. ಆದರೆ ಕಾಲುವೆ ನೀರು ಹರಿಯುತ್ತಿದ್ದದ್ದು ಹೊಳೆಗೆ ಅಂಟಿದ ಪಟ್ಟಿಗಷ್ಟೇ. ಒಳಗಿನ ಎರೆಹೊಲಗಳಿಗೆ ಮಳೆ ಬಿಟ್ಟರೆ ಬೇರೆ ಗತಿ ಇರಲಿಲ್ಲ.

1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿ ಚಕ್ರವರ್ತಿನಿಯ ಬಿರುದು ಸಾರಿದ. ಸಂಸ್ಥಾನಗಳ ರಾಜರು, ಆನೆಗಳು, ಔತಣ ಎಲ್ಲಾ ಇತ್ತು. ಬರ ಬಿದ್ದ ಮದ್ರಾಸಿನ ಗವರ್ನರ್ ಕೂಡ ಅಲ್ಲಿಗೆ ಹೋಗಬೇಕಾಯಿತು. ಅದೇ ತಿಂಗಳು ಖರ್ಚು ಹಿಡಿತಕ್ಕೆ ತರಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಮದ್ರಾಸಿಗೆ ಕಳಿಸಿದರು. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಸ್ವಲ್ಪ ಕಾಸು ಸಾಕು ಅಂತ ಅವನ ಲೆಕ್ಕ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಮಣ್ಣು ಅಗೆದು, ಕಲ್ಲು ಒಡೆಯುವ ಮನುಷ್ಯನಿಗೆ ಇಷ್ಟು! ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಶ್ ಇದು ಸಾಲದು ಅಂತ ಬರವಣಿಗೆಯಲ್ಲೇ ಜಗಳಕ್ಕೆ ನಿಂತ, ಕೊನೆಗೆ ಕೂಲಿಯನ್ನು ಸ್ವಲ್ಪ ಏರಿಸಿದರು. ಲಂಡನ್ನಿನ ಮೇಯರ್ ಚಂದಾ ಎತ್ತಿ ಹಣ ಕಳಿಸಿದ್ದೂ ನಿಜ. ಆದರೂ 1878ರ ಹೊತ್ತಿಗೆ ಬ್ರಿಟಿಷ್ ಆಡಳಿತದ ಸೀಮೆಗಳಲ್ಲೇ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಅಂತ ಅಂದಾಜಿದೆ.

ಇದಕ್ಕೆಲ್ಲ ರಾಣಿಯೇ ಕಾರಣ ಅಂದರೆ ಅನ್ಯಾಯ ಆದೀತು. ಕೂಲಿಯ ದರ ಗೊತ್ತು ಮಾಡಿದ್ದು ಆಕೆಯಲ್ಲ, ಮಂತ್ರಿಗಳು ಹೇಳಿದ ಕಡೆ ಸಹಿ ಹಾಕುವ ರಾಣಿ ಆಕೆ. ಆದರೆ ಬಿರುದು ಆಕೆಯದು, ದರ್ಬಾರು ಆಕೆಯ ಹೆಸರಿನದು. ನನಗೆ ನುಂಗಲಾಗದ್ದು ಆ ಎರಡರ ತಾರೀಕು.

ಭಾರತದ ಮೇಲೆ ಆಕೆಗೆ ಪ್ರೀತಿ ಇರಲಿಲ್ಲ ಅಂತಲೂ ಹೇಳೋಕಾಗಲ್ಲ. 1887ರಲ್ಲಿ ಆಗ್ರಾ ಕಡೆಯಿಂದ ಹೋದ ಅಬ್ದುಲ್ ಕರೀಮ್‌ನನ್ನು ಮೇಷ್ಟ್ರು ಮಾಡಿಕೊಂಡು, ಎಪ್ಪತ್ತರ ಹತ್ತಿರದಲ್ಲಿ ಹಿಂದೂಸ್ತಾನಿ ಓದಿ ಬರೆಯಲು ಕಲಿತಳು. ಅರಮನೆಯವರಿಗೆಲ್ಲ ಹೊಟ್ಟೆಕಿಚ್ಚು. ಭಾರತಕ್ಕೆ ಮಾತ್ರ ಒಮ್ಮೆಯೂ ಬರಲಿಲ್ಲ.

ಬಂದದ್ದು ಆಕೆಯ ಪ್ರತಿಮೆಗಳು. ಮುಂಬೈನಲ್ಲಿದ್ದ ಅಮೃತಶಿಲೆಯ ರಾಣಿಗೆ 1890ರ ದಶಕದಲ್ಲಿ ಚಾಪೇಕರ್ ಸಹೋದರರು ಡಾಂಬರು ಬಳಿದರು. ಅಮೃತಶಿಲೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಡಾಂಬರು ಒಳಗೆ ಇಳಿದರೆ ತೆಗೆಯೋದು ಕಷ್ಟ. ಅದನ್ನು ತೆಗೆದುಕೊಟ್ಟದ್ದು ಒಬ್ಬ ಭಾರತೀಯ ರಸಾಯನಶಾಸ್ತ್ರಜ್ಞ, ಪ್ರೊ. ಗಜ್ಜರ್. ಕೆಮಿಕಲ್ ಬ್ರಾಂಚಿನವರು ಈ ಹೆಸರು ನೆನಪಿಟ್ಟುಕೊಳ್ಳಿ. ಅದೇ ಚಾಪೇಕರರು 1897ರ ಜೂನ್ 22ರ ರಾತ್ರಿ, ರಾಣಿಯ ವಜ್ರಮಹೋತ್ಸವದ ದಿನವೇ, ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದರು.

ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿ 22ರಂದು, 81ನೇ ವಯಸ್ಸಿನಲ್ಲಿ. ತನ್ನನ್ನು ಬಿಳಿ ಬಟ್ಟೆಯಲ್ಲಿ, ಮದುವೆಯ ಮುಸುಕಿನ ಜೊತೆ ಮಲಗಿಸಬೇಕು ಅಂತ ಮೊದಲೇ ಬರೆದಿಟ್ಟಿದ್ದಳು. ಬೆಂಗಳೂರಿನ ಪ್ರತಿಮೆಯ ಮಾತು ಹೊರಟದ್ದು ಆಮೇಲೆ. ಒಂದಿಷ್ಟು ಸಾರ್ವಜನಿಕರ ಚಂದಾ, ಉಳಿದದ್ದು ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಹಣ. ಕೆತ್ತಿದವನು ಥಾಮಸ್ ಬ್ರಾಕ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕವೂ ಅವನದೇ. ಹಡಗಿನಲ್ಲಿ ಬಂದ ಹನ್ನೊಂದು ಅಡಿಯ ಈ ಮೂರ್ತಿಯನ್ನು 1906ರ ಫೆಬ್ರವರಿ 5ರಂದು ಅನಾವರಣ ಮಾಡಿದ್ದು ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು. ನಿಲ್ಲಿಸಿದ ಜಾಗ ದಂಡು ಪ್ರದೇಶಕ್ಕೂ ಮಹಾರಾಜರ ಪೇಟೆಗೂ ನಡುವೆ. ಅಷ್ಟು ದೂರದಲ್ಲೇ ಮಗ ಏಳನೇ ಎಡ್ವರ್ಡ್ ಕೂಡ ಅಮೃತಶಿಲೆಯಲ್ಲಿ ನಿಂತಿದ್ದಾನೆ. ಸ್ವಾತಂತ್ರ್ಯದ ನಂತರ ಎಷ್ಟೋ ಊರುಗಳಲ್ಲಿ ರಾಣಿಯನ್ನು ಇಳಿಸಿ ಗೋದಾಮಿಗೋ ಮ್ಯೂಸಿಯಮ್ಮಿಗೋ ಸಾಗಿಸಿದರು, ಬೆಂಗಳೂರಿನಾಕೆ ಅಲ್ಲೇ ಉಳಿದಳು.

ಉಳಿದರೂ ಸವೆಯುವುದು ತಪ್ಪಲಿಲ್ಲ. ಅಮೃತಶಿಲೆ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ತೇವದ ಜೊತೆ ಸೇರಿ ಮೇಲ್ಪದರವನ್ನು ಜಿಪ್ಸಮ್ ಮಾಡುತ್ತದೆ. ಮಳೆ ಹೊಡೆಯುವ ಕಡೆ ಅದು ತೊಳೆದುಹೋಗಿ ಕಲ್ಲು ಒರಟಾಗುತ್ತದೆ. ಮಳೆ ತಾಗದ ಮಡಿಕೆಗಳಲ್ಲಿ ಮಸಿ ಹಿಡಿದು ಕಪ್ಪು ಹೊಪ್ಪಳೆ ಕೂರುತ್ತದೆ. ಬೆರಳು, ರಾಜದಂಡದಂತಹ ಚಾಚಿದ ತೆಳು ಭಾಗಗಳಿಗೇ ಮೊದಲ ಪೆಟ್ಟು. ಆ್ಯಸಿಡ್ ಹಾಕಿ ಉಜ್ಜಿದರೆ ಬಿಳುಪು ಬರುತ್ತದೆ, ಜೊತೆಗೆ ಮುಖವೂ ಸ್ವಲ್ಪ ಹೋಗುತ್ತದೆ. ಹಾಗಾಗಿ ಮೆತ್ತನೆ ಬ್ರಷ್, ಶುದ್ಧ ನೀರು, ಲೇಪ ಹಚ್ಚಿ ಕೊಳೆ ಹೀರಿಸುವ ನಿಧಾನದ ಕೆಲಸವೇ ಸರಿ.

ರೂಮ್‌ಮೇಟ್‌ಗೆ ಇದನ್ನೆಲ್ಲ ಹೇಳಿದಾಗ ಅವನು ತಮ್ಮೂರಿನ ದೊಡ್ಡಬಸವಣ್ಣನನ್ನು ಎಳೆದು ತಂದ. ಒಂದೇ ಕಲ್ಲಿನ ಬಸವಣ್ಣ, ನಮ್ಮ ಗಟ್ಟಿ ಕಲ್ಲು, ಆ್ಯಸಿಡ್ ಮಳೆಗೂ ಜಗ್ಗಲ್ಲ ಅಂತ ಅವನ ವಾದ. ಬಸವಣ್ಣ ಗುಡಿಯೊಳಗೆ ನೆರಳಲ್ಲಿ ಇದ್ದಾನಲ್ಲೋ ಅಂದೆ, ಒಪ್ಪಲಿಲ್ಲ. ಆಮೇಲೆ ಅವನೇ ಒಂದು ಪ್ರಶ್ನೆ ಹಾಕಿದ: ಧಾತು ಬರದಲ್ಲಿ ಅರ್ಧ ಹೊಟ್ಟೆಗೆ ಕಲ್ಲು ಒಡೆದ ನಮ್ಮವರಿಗೆ ಬಳ್ಳಾರಿಯಲ್ಲಿ ಎಲ್ಲಾದರೂ ಒಂದು ಕಲ್ಲು ನೆಟ್ಟಿದ್ದಾರಾ? ನಾನಂತೂ ಕಂಡಿಲ್ಲ. ನಿಮಗೆ ಯಾರಿಗಾದರೂ ಗೊತ್ತಿದ್ದರೆ ಸಂಘದ ರೂಮಿಗೆ ಬಂದು ಹೇಳಿ, ಒಂದು ಭಾನುವಾರ ಎಲ್ಲರೂ ಸೇರಿ ಹೋಗಿ ನೋಡಿ ಬರೋಣ.