ಹೋವರ್ಡ್ ಫ್ಲೋರಿ

ಪೆನಿಸಿಲಿನ್ ಎಂದೊಡನೆ ನೆನಪಾಗುವ ಹೆಸರು ಅಲೆಕ್ಸಾಂಡರ್ ಫ್ಲೆಮಿಂಗನದು. ಬೂಷ್ಟಿನಲ್ಲಿ ಅಡಗಿದ್ದ ಆ ರೋಗಾಣುನಾಶಕವನ್ನು 1928ರಲ್ಲಿ ಗುರುತಿಸಿದವನು ಅವನೇ. ಆದರೆ ಅದನ್ನು ರೋಗಿಯ ಹಾಸಿಗೆಯವರೆಗೆ ತಂದ ಕೀರ್ತಿ ಹೋವರ್ಡ್ ಫ್ಲೋರಿಗೂ ಅವನ ಸಂಗಡಿಗರಿಗೂ ಸಲ್ಲಬೇಕು.

ಫ್ಲೋರಿ 1898ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಜನಿಸಿದನು. ಅಲ್ಲಿಯೇ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ತೆರಳಿದನು. 1935ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕನಾದನು. ಅರ್ನ್‌ಸ್ಟ್ ಚೇನ್, ನಾರ್ಮನ್ ಹೀಟ್ಲಿ ಮೊದಲಾದವರು ಅವನ ಜೊತೆಗೂಡಿದರು. 1940ರ ಮೇ 25ರಂದು ಮಾರಕ ರೋಗಾಣುಗಳನ್ನು ಚುಚ್ಚಿದ ಎಂಟು ಇಲಿಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಡಲಾಯಿತು. ಬೆಳಗಾಗುವಷ್ಟರಲ್ಲಿ ಔಷಧ ದೊರೆಯದ ನಾಲ್ಕೂ ಸತ್ತಿದ್ದವು. ಉಳಿದ ನಾಲ್ಕು ಬದುಕಿದ್ದವು.

ಅದು ಯುದ್ಧಕಾಲ. ಬೂಷ್ಟನ್ನು ಬೆಳೆಸಲು ತಕ್ಕ ಪಾತ್ರೆಗಳಿಲ್ಲದೆ ರೋಗಿಗಳ ಶೌಚಪಾತ್ರೆಗಳನ್ನೂ ಬಳಸಿದರು. ವಾರಗಟ್ಟಲೆ ದುಡಿದರೂ ಕೈಗೆ ಬರುತ್ತಿದ್ದುದು ಚಿಟಿಕೆಯಷ್ಟು ಪುಡಿ.

1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಮರಣಾಸನ್ನನಾಗಿದ್ದ ಪೊಲೀಸ್ ಪೇದೆಯೊಬ್ಬನಿಗೆ ಆ ಔಷಧವನ್ನು ಕೊಡಲಾಯಿತು. ಮುಖವೆಲ್ಲ ಕೀವುಗಟ್ಟಿ, ಅವನು ಒಂದು ಕಣ್ಣನ್ನೇ ಕಳೆದುಕೊಂಡಿದ್ದನು. ಒಂದೇ ದಿನದಲ್ಲಿ ಅವನು ಚೇತರಿಸಿಕೊಳ್ಳತೊಡಗಿದನು. ಆದರೆ ಮೂತ್ರಪಿಂಡಗಳು ಪೆನಿಸಿಲಿನ್ನನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕಿಬಿಡುತ್ತವೆ. ರೋಗಿಯ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಔಷಧವನ್ನು ಬೇರ್ಪಡಿಸಿ ಅವನಿಗೇ ಮತ್ತೆ ಕೊಟ್ಟರು. ಐದು ದಿನಗಳಲ್ಲಿ ದಾಸ್ತಾನು ಮುಗಿಯಿತು. ರೋಗ ಮರುಕಳಿಸಿ ಮಾರ್ಚ್ 15ರಂದು ಆತನು ಮೃತನಾದನು. ಔಷಧವು ಸೋತಿರಲಿಲ್ಲ, ಅದು ದೇಹದಲ್ಲಿ ನಿಲ್ಲಲಿಲ್ಲ, ಸಾಕಷ್ಟು ಇರಲೂ ಇಲ್ಲ.

ಮೊದಲು ಪ್ರಮಾಣದ ಕೊರತೆ ನೀಗಿತು. ಅದೇ ವರ್ಷ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಒಲಿಸಿಕೊಂಡರು. 1945ರಲ್ಲಿ ಫ್ಲೆಮಿಂಗ್ ಮತ್ತು ಚೇನರೊಡನೆ ಫ್ಲೋರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1968ರಲ್ಲಿ ಅವನು ನಿಧನನಾದನು.

ದೇಹದಲ್ಲಿ ಔಷಧವನ್ನು ನಿಲ್ಲಿಸುವ ಕಾರ್ಯ ಇನ್ನೂ ಕಠಿನವಾಗಿತ್ತು. ನುಂಗಿಸೋಣವೆಂದರೆ ಆ ಪೆನಿಸಿಲಿನ್ನನ್ನು ಜಠರದ ಆಮ್ಲವು ಕೆಡಿಸುತ್ತಿತ್ತು. ಆದುದರಿಂದ ಮೂರು ನಾಲ್ಕು ಗಂಟೆಗೊಮ್ಮೆ ಸೂಜಿ ಚುಚ್ಚಬೇಕಾಗಿತ್ತು. ಯುದ್ಧದ ವರ್ಷಗಳಲ್ಲಿಯೇ ಅಮೆರಿಕದ ವೈದ್ಯರು ಅದನ್ನು ಕಡಲೆಕಾಯಿ ಎಣ್ಣೆ ಹಾಗೂ ಜೇನುಮೇಣದಲ್ಲಿ ಬೆರೆಸಿ ಚುಚ್ಚಿ, ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿಯುವಂತೆ ಮಾಡಿದರು. ಮುಂದೆ ಆಮ್ಲಕ್ಕೆ ಜಗ್ಗದ ಪೆನಿಸಿಲಿನ್ನುಗಳು ಬಂದವು. ಆದರೂ ನುಂಗಿದ ಮಾತ್ರೆ ಜಠರದಲ್ಲಿ ಬಹುಕಾಲ ನಿಲ್ಲದೆ ಕರುಳಿಗೆ ಜಾರುತ್ತದೆ. ಅದಕ್ಕಾಗಿ ವಿಜ್ಞಾನಿಗಳು ತೇಲುವ ಮಾತ್ರೆಯನ್ನು ರೂಪಿಸಿದರು. ನೀರು ತಗುಲಿದೊಡನೆ ಉಬ್ಬಿ ಲೋಳೆಯಾಗುವ ಪಾಲಿಮರ್ ಪದಾರ್ಥದೊಡನೆ ಸೋಡಾಪುಡಿಯನ್ನು ಸೇರಿಸುತ್ತಾರೆ. ಆಮ್ಲದೊಡನೆ ಕೂಡಿ ಸೋಡಾ ಬಿಡುವ ಅನಿಲವು ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾತ್ರೆ ಜಠರರಸಕ್ಕಿಂತ ಹಗುರವಾಗಿ ಮೇಲೆ ತೇಲುತ್ತ, ಗಂಟೆಗಟ್ಟಲೆ ಔಷಧವನ್ನು ಒಸರುತ್ತದೆ. ಜಠರದಲ್ಲಿ ಹುಣ್ಣುಂಟುಮಾಡುವ ರೋಗಾಣುವನ್ನು ಅಲ್ಲಿಯೇ ಎದುರಿಸಲೆಂದು, ಪೆನಿಸಿಲಿನ್ನಿನ ಕುಲಕ್ಕೇ ಸೇರಿದ ಅಮಾಕ್ಸಿಸಿಲಿನ್ನನ್ನು ಇಂಥ ಮಾತ್ರೆಗಳಲ್ಲಿ ಅಡಗಿಸಿ ಪ್ರಯೋಗಗಳನ್ನು ನಡೆಸಿದ್ದಾರೆ.