ದೊಡ್ಡಮ್ಮನಿಗೆ ತಿಳಿಯದಂತೆ ಕೇಳಿದ ಹಾಡು

ಯಾವ ಹಾಡು ಕೇಳಬೇಕು, ಯಾವುದು ಕೇಳಬಾರದು ಎಂಬ ಜಗಳ ನಿಮ್ಮ ಮನೆಯಲ್ಲೂ ನಡೆಯುತ್ತದೆಯೇ? ಹಾಗಿದ್ದರೆ ಮಹೇಲಿಯ ಜಾಕ್ಸನ್ ಅವರ ಬಾಳನ್ನು ನೀವು ತಿಳಿಯಬೇಕು.

1911ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಬಡ ಕಪ್ಪು ಜನರ ಕೇರಿಯಲ್ಲಿ ಹುಟ್ಟಿದ ಮಹೇಲಿಯ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡಳು. ಸಾಕಿದವರು ದೊಡ್ಡಮ್ಮ. ಬ್ಯಾಪ್ಟಿಸ್ಟ್ ಸಭೆಯ ಆಕೆ ಬಲು ಕಟ್ಟುನಿಟ್ಟು. ಲೋಕದ ಹಾಡುಗಳಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ಆದರೆ ದೊಡ್ಡಮ್ಮನ ಮಗ ಫ್ರೆಡ್‌ನಿಗೆ ಬ್ಲೂಸ್ ಎಂದರೆ ಪ್ರಾಣ. ಗುಲಾಮರಾಗಿ ಹತ್ತಿಹೊಲಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ತಮ್ಮ ಬಡತನ, ಅಗಲಿಕೆಗಳನ್ನು ತೋಡಿಕೊಂಡ ಹಾಡುಗಳವು. ಹಿರಿಯರಿಲ್ಲದ ಹೊತ್ತಿನಲ್ಲಿ ಹುಡುಗಿ ಅಣ್ಣನ ಗ್ರಾಮಫೋನ್ ತಟ್ಟೆಗಳನ್ನು ಹಾಕಿ, ನೆಲ ಉಜ್ಜುತ್ತಾ ಬೆಸ್ಸಿ ಸ್ಮಿತ್ ಅವರ ಜೊತೆ ತಾನೂ ಹಾಡುತ್ತಿದ್ದಳು. ನೆರೆಯಲ್ಲೇ ಇನ್ನೊಂದು ಸಭೆಯ ಆರಾಧನೆ. ಅಲ್ಲಿ ಡೋಲು, ಕಂಜಿರ, ಚಪ್ಪಾಳೆ. ಎರಡೂ ಅವಳ ಕೊರಳಿಗಿಳಿದವು.

ಮುಂದೆ ಶಿಕಾಗೋ. ಅಲ್ಲಿ ಬಟ್ಟೆ ಒಗೆದರು, ಮನೆಗೆಲಸ ಮಾಡಿದರು, ಭಾನುವಾರ ಗಾನವೃಂದದಲ್ಲಿ ಹಾಡಿದರು. ಮೈದೂಗಿ ಹಾಡುವ ಅವರ ರೀತಿ ಕೆಲವು ಬೋಧಕರಿಗೆ ಹಿಡಿಸಲಿಲ್ಲ. ಅವರ ಕೈಹಿಡಿದವರು ಥಾಮಸ್ ಡಾರ್ಸಿ. ಒಂದು ಕಾಲದಲ್ಲಿ ಬ್ಲೂಸ್ ಪಿಯಾನೋ ನುಡಿಸುತ್ತಿದ್ದ ಡಾರ್ಸಿ, 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ ಬೆನ್ನಿಗೇ ಹಸುಗೂಸನ್ನೂ ಕಳೆದುಕೊಂಡರು. ಆ ಸಂಕಟದಲ್ಲಿ ಅವರು ಕಟ್ಟಿದ ಗೀತೆಯೇ 'ಪ್ರೆಷಸ್ ಲಾರ್ಡ್'.

ಕ್ಲಬ್ಬುಗಳಲ್ಲಿ ಬ್ಲೂಸ್ ಹಾಡಿದ್ದರೆ ಮಹೇಲಿಯರಿಗೆ ಕೈತುಂಬ ಹಣ ಸಿಗುತ್ತಿತ್ತು. ಆರ್ಥಿಕ ಮುಗ್ಗಟ್ಟಿನ ಕಾಲ. ಲೌಕಿಕ ಹಾಡುಗಳನ್ನು ಹಾಡೆಂದು ಗಂಡನೂ ಒತ್ತಾಯಿಸಿದರು. ಅವರು ಒಪ್ಪಲಿಲ್ಲ. ಹಾಗೆಂದು ಬೆಸ್ಸಿಯ ಮೇಲಿನ ಮೆಚ್ಚುಗೆಯನ್ನೇನೂ ಅವರು ಮುಚ್ಚಿಡಲಿಲ್ಲ. ಬ್ಲೂಸ್ ಹಾಡಿ ಮುಗಿದರೂ ದುಃಖ ಅಲ್ಲೇ ಉಳಿಯುತ್ತದೆ, ಸುವಾರ್ತಾ ಗೀತೆಯಲ್ಲಾದರೆ ಭರವಸೆಯುಂಟು ಎಂಬುದು ಅವರ ನಿಲುವು. ಇದನ್ನು ನಾವು ಪೂರ್ತಿ ಒಪ್ಪಬೇಕೆಂದಿಲ್ಲ. ನಿಮ್ಮ ಬೈಬಲಿನಲ್ಲಿ 88ನೆಯ ಕೀರ್ತನೆಯನ್ನು ತೆರೆದು ನೋಡಿ, ಅದೂ ಕತ್ತಲಲ್ಲೇ ಮುಗಿಯುತ್ತದೆ.

1947ರಲ್ಲಿ ಧ್ವನಿಮುದ್ರಿಸಿದ ಗೀತೆಯೊಂದರ ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾಗಿ ಮಹೇಲಿಯ ಮನೆಮಾತಾದರು. ದೊಡ್ಡಮ್ಮನ ಮನೆಯಲ್ಲಿ ಕದ್ದು ಕಲಿತ ಕೊರಳಿನ ಆ ಬಳುಕು ಅದರಲ್ಲಿ ಸ್ಪಷ್ಟವಾಗಿದೆ. 1963ರಲ್ಲಿ ವಾಷಿಂಗ್ಟನ್‌ನಲ್ಲಿ ಎರಡೂವರೆ ಲಕ್ಷದಷ್ಟು ಜನರ ಮುಂದೆ, ಮಾರ್ಟಿನ್ ಲೂಥರ್ ಕಿಂಗ್ ಮಾತಾಡುವ ಮುನ್ನ ಹಾಡಿದರು. 1968ರಲ್ಲಿ ಕಿಂಗ್ ಅವರ ಶವಸಂಸ್ಕಾರದಲ್ಲಿ ಡಾರ್ಸಿಯ ಆ ಗೀತೆಯನ್ನೇ ಹಾಡಬೇಕಾಯಿತು. 1971ರಲ್ಲಿ ಭಾರತಕ್ಕೂ ಬಂದು ಹಾಡಿ ಹೋದರು.

ಡೆಟ್ರಾಯಿಟ್‌ನ ಬೋಧಕರೊಬ್ಬರ ಮನೆಗೆ ಮಹೇಲಿಯ ಆಗಾಗ ಹೋಗುತ್ತಿದ್ದರು. ಅಲ್ಲಿ ಅವರ ಹಾಡು ಕೇಳಿ ಬೆಳೆದ ಮಗಳು ಅರೀಥಾ ಫ್ರಾಂಕ್ಲಿನ್. ಅರೀಥಾ ಮಾತ್ರ ದೇವಾಲಯದ ಅದೇ ರಾಗಗಳನ್ನು ಪ್ರೇಮಗೀತೆಗಳಿಗೆ ಒಯ್ದು 'ಸೋಲ್' ಸಂಗೀತದ ರಾಣಿಯೆನಿಸಿದರು. 1972ರ ಜನವರಿ 27ರಂದು ಮಹೇಲಿಯ ತೀರಿಕೊಂಡರು. ಶಿಕಾಗೋದಲ್ಲಿ ಅವರ ಅಂತಿಮ ವಿದಾಯದ ದಿನ ಎದ್ದು ನಿಂತು 'ಪ್ರೆಷಸ್ ಲಾರ್ಡ್' ಹಾಡಿದವರು ಅರೀಥಾ.