ಅಶೋಕನ ಬದುಕು: ಜೀವರಕ್ಷಣೆ, ದೀನರ ಹಿತ ಮತ್ತು ಇಸಿಲದ ಶಾಸನ

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಬಂಡೆ ಬರಹಗಳು ಮೌರ್ಯ ಸಾಮ್ರಾಜ್ಯದ ಆಡಳಿತ ಕನ್ನಡ ನಾಡಿನವರೆಗೆ ಚಾಚಿತ್ತೆಂಬುದನ್ನು ಖಚಿತಪಡಿಸಿದವು. ಈ ಬರಹಗಳಲ್ಲಿ ಅರಸನ ಹೆಸರಿಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನವನು ಅಶೋಕನೇ ಎಂಬುದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ದೊರೆತ ಮೇಲೆ ನಿಸ್ಸಂದೇಹವಾಯಿತು. ಅಂದಿನಿಂದ ಇಂದಿನವರೆಗೆ ಕನ್ನಡದಲ್ಲಿ ಅಶೋಕನನ್ನು ಕುರಿತ ಬರವಣಿಗೆಯು ಹೆಚ್ಚಾಗಿ ಲಿಪಿ, ಭಾಷೆ ಮತ್ತು ಬೌದ್ಧಧರ್ಮದ ಪ್ರಸಾರ ಎಂಬ ಮೂರು ನೆಲೆಗಳಲ್ಲಿಯೇ ನಡೆದಿದೆ. ಅವನ ಬದುಕಿನ ಮತ್ತೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗಿಡಮರ, ನೀರು, ಪ್ರಾಣಿಗಳ ರಕ್ಷಣೆಯನ್ನೂ ದೀನರ ಪೋಷಣೆಯನ್ನೂ ಅವನು ಬೇರೆಬೇರೆ ಪುಣ್ಯಕಾರ್ಯಗಳೆಂದು ಎಣಿಸದೆ ಒಂದೇ ರಾಜ್ಯಾಡಳಿತದ ಕರ್ತವ್ಯಗಳಾಗಿ ಜೋಡಿಸಿದನು. ಆ ಜೋಡಣೆಯ ಬಲವನ್ನೂ ಮಿತಿಯನ್ನೂ ಅವನ ಶಾಸನಗಳೇ ತೋರಿಸಿಕೊಡುತ್ತವೆ.

ಅಶೋಕನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಅವನ ಬಾಲ್ಯವನ್ನು ಕುರಿತು ಶಾಸನಗಳು ಏನನ್ನೂ ಹೇಳುವುದಿಲ್ಲ. ತಕ್ಷಶಿಲೆಯ ದಂಗೆಯನ್ನು ಅಡಗಿಸಿದ್ದು, ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದುದು, ವಿದಿಶೆಯ ದೇವಿಯನ್ನು ವರಿಸಿದ್ದು ಮುಂತಾದ ಸಂಗತಿಗಳು ಸಿಂಹಳದ ವೃತ್ತಾಂತಗಳಿಂದಲೂ ಉತ್ತರದ ಬೌದ್ಧಕಥೆಗಳಿಂದಲೂ ಬಂದವು. ಸೋದರರನ್ನು ಕೊಲ್ಲಿಸಿದನೆಂಬ ಕಥೆ, ಮತಾಂತರದ ಮಹಿಮೆಯನ್ನು ಹಿಗ್ಗಿಸಲು ಅವನ ಪೂರ್ವಾಶ್ರಮಕ್ಕೆ ಬಳಿದ ಮಸಿಯೆಂದೇ ತೋರುತ್ತದೆ. ಸುಮಾರು ಕ್ರಿ.ಪೂ. 268ರಲ್ಲಿ ಅವನ ಅಭಿಷೇಕವಾಯಿತು. ಶಾಸನಗಳಲ್ಲಿ ಅವನು ತನ್ನ ಕಾಲವನ್ನು ಎಣಿಸುವುದು ಈ ಅಭಿಷೇಕದಿಂದಲೇ.

ಅಭಿಷೇಕವಾಗಿ ಎಂಟು ವರ್ಷಗಳಾದಾಗ ಕಳಿಂಗ ಯುದ್ಧ ನಡೆಯಿತು. ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರೆಂದೂ ಒಂದು ಲಕ್ಷ ಜನ ಹತರಾದರೆಂದೂ ಅದರ ಹಲವು ಪಟ್ಟು ಜನ ಸತ್ತರೆಂದೂ ಅಶೋಕನೇ ಲೆಕ್ಕ ಕೊಡುತ್ತಾನೆ. ಗೆದ್ದ ಅರಸನು ತನ್ನ ಗೆಲುವಿನ ಬೆಲೆಯನ್ನು ಹೀಗೆ ಬಂಡೆಯ ಮೇಲೆ ಬರೆಯಿಸಿದ ನಿದರ್ಶನ ಪ್ರಾಚೀನ ಜಗತ್ತಿನಲ್ಲಿ ಅಪೂರ್ವ. ಯುದ್ಧದಲ್ಲಿ ಸತ್ತವರಷ್ಟೇ ಅಲ್ಲದೆ ಬಂಧುಬಳಗವನ್ನು ಕಳೆದುಕೊಂಡ ಗೃಹಸ್ಥರ ಸಂಕಟವನ್ನೂ ಅವನು ಗಣನೆಗೆ ತಂದುಕೊಂಡನು. ಅವನ ಮುಂದಿನ ಆಡಳಿತವು ಈ ಎಣಿಕೆಯ ವಿಸ್ತರಣೆಯೆಂದು ತಿಳಿಯಬಹುದು.

ಮೊಳಕಾಲ್ಮುರಿನ ಶಾಸನಗಳು ಸೇರುವುದು ಈ ಪರಿವರ್ತನೆಯ ಘಟ್ಟಕ್ಕೆ. ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಗಿದ್ದರೂ ಮೊದಲ ಒಂದು ವರ್ಷ ತಾನು ತಕ್ಕಷ್ಟು ಶ್ರಮಿಸಲಿಲ್ಲವೆಂದು ಅರಸನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಆಜ್ಞೆಯು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದಿದೆ. ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಾಮಾನ್ಯನಿಗೂ ಸ್ವರ್ಗ ಸಾಧ್ಯವೆಂಬುದು ಅದರ ತಿರುಳು. ಇದರೊಡನೆ ತಾಯಿತಂದೆಯರ ಸೇವೆ, ಪ್ರಾಣಿಗಳ ವಿಷಯದಲ್ಲಿ ದೃಢವಾದ ನಡೆ, ಸತ್ಯ, ಗುರುಭಕ್ತಿ ಇವುಗಳ ವಿಧಿಯೂ ಇದೆ. ಪ್ರಾಣಿಗಳನ್ನು ಕುರಿತ ಪದದ ಅರ್ಥವನ್ನು ವಿದ್ವಾಂಸರು ಬಗೆಬಗೆಯಾಗಿ ವಿವರಿಸಿದ್ದಾರೆ. ದಯೆಯಲ್ಲಿ ಸ್ಥಿರವಾಗಿರುವುದು ಎಂಬ ಅರ್ಥವೇ ಸಂದರ್ಭಕ್ಕೆ ಹೊಂದುತ್ತದೆ. ಗಮನಿಸಬೇಕಾದುದೆಂದರೆ, ಬಾವಿ, ಮರ, ಔಷಧಿಗಳ ಪ್ರಸ್ತಾಪ ಇಲ್ಲಿಲ್ಲ. ನೀತಿಯ ಭಾಗ ಮಾತ್ರ ಇಸಿಲಕ್ಕೆ ಬಂದಿದೆ. ಯೋಜನೆಯ ಭಾಗ ಬಂದಿಲ್ಲ. ಪೂರ್ವಕ್ಕೆ ಆಂಧ್ರದ ಎರ್ರಗುಡಿಯಲ್ಲಾದರೋ ಈ ಕಿರು ಶಾಸನಗಳೂ ಹದಿನಾಲ್ಕು ಬಂಡೆ ಶಾಸನಗಳೂ ಒಂದೇ ಕಡೆ ಇವೆ.

ಆ ಹದಿನಾಲ್ಕರಲ್ಲಿ ಎರಡನೆಯದು ಮುಖ್ಯವಾದುದು. ತನ್ನ ರಾಜ್ಯದಲ್ಲೆಲ್ಲ, ಗಡಿಯಾಚೆ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿಯೂ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾಗಿದೆಯೆಂದು ಅಶೋಕನು ಅದರಲ್ಲಿ ತಿಳಿಸುತ್ತಾನೆ. ಔಷಧೀಯ ಸಸ್ಯಗಳು, ಬೇರುಗಳು, ಹಣ್ಣುಗಳು ಎಲ್ಲಿ ಇಲ್ಲವೋ ಅಲ್ಲಿಗೆ ಅವುಗಳನ್ನು ತರಿಸಿ ನೆಡಿಸಲಾಯಿತು. ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ಬೆಳೆಸಲಾಯಿತು. ಫಲಾನುಭವಿಗಳ ಪಟ್ಟಿಯಲ್ಲಿ ಪಶು ಮತ್ತು ಮನುಷ್ಯ ಇಬ್ಬರೂ ಜೊತೆಯಾಗಿಯೇ ಬರುತ್ತಾರೆ. ದನಕರುಗಳೇ ಸಂಪತ್ತಾಗಿದ್ದ ಸಮಾಜದಲ್ಲಿ ಪಶುವಿನ ಆರೋಗ್ಯವೂ ಬಡವನ ಜೀವನೋಪಾಯವೂ ಒಂದೇ ಆಗಿದ್ದವು. ಇದನ್ನು ಬರಿಯ ಜೀವದಯೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತಾಗುತ್ತದೆ.

ಅಭಿಷೇಕದ ಹದಿಮೂರು ವರ್ಷಗಳ ಬಳಿಕ ಅವನು ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿ ವರ್ಗವನ್ನು ನೇಮಿಸಿದನು. ಸೇವಕರು, ಅನಾಥರು, ವೃದ್ಧರು, ಮಕ್ಕಳೊಂದಿಗರಾದ ಸೆರೆಯಾಳುಗಳು ಇವರ ಹಿತ ಅವರ ಹೊಣೆಯಾಗಿತ್ತು. ಇದಕ್ಕೂ ಮೊದಲೇ ಯುಕ್ತ, ರಜ್ಜುಕ ಮತ್ತು ಪ್ರಾದೇಶಿಕರು ಐದು ವರ್ಷಗಳಿಗೊಮ್ಮೆ ತಮ್ಮ ಇತರ ಕೆಲಸಗಳೊಡನೆ ಧರ್ಮಬೋಧನೆಗಾಗಿಯೂ ಸಂಚಾರ ಹೊರಡಬೇಕೆಂದು ವಿಧಿಸಲಾಗಿತ್ತು. ರಜ್ಜುಕ ಎಂಬ ಹೆಸರನ್ನು ಹೊಲವಳೆಯುವ ಹಗ್ಗದೊಡನೆ ಸಂಬಂಧಿಸುವುದುಂಟು. ನೆಲದ ಅಳತೆ, ನ್ಯಾಯ, ಪ್ರಾಣಿಗಳ ವಿಷಯದ ಸಂಯಮ, ಮಿತವ್ಯಯದ ಬೋಧೆ ಎಲ್ಲವೂ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದವೆಂಬುದು ಈ ವ್ಯವಸ್ಥೆಯ ವೈಶಿಷ್ಟ್ಯ. ಇಂದಿನ ಯೋಜನಾಶಾಸ್ತ್ರ ಬೇರೆಬೇರೆ ಇಲಾಖೆಗಳಲ್ಲಿ ಹಂಚಿ, ಬಳಿಕ ಸಮನ್ವಯ ಸಮಿತಿಗಳಲ್ಲಿ ಕೂಡಿಸಲು ಹೆಣಗುವ ಸಂಗತಿಗಳಿವು. ತಾನು ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಕೆಲಸದ ವರದಿ ತನಗೆ ತಲುಪಬೇಕೆಂದು ಅರಸನು ಕಟ್ಟಪ್ಪಣೆ ಮಾಡಿದ್ದನು. ನೀರಾವರಿಯೂ ಕಡೆಗಣಿಸಲ್ಪಡಲಿಲ್ಲ: ಚಂದ್ರಗುಪ್ತನ ಕಾಲದ ಸುದರ್ಶನ ಕೆರೆಗೆ ಅಶೋಕನ ಪರವಾಗಿ ಯವನರಾಜ ತುಷಾಸ್ಫನು ಕಾಲುವೆಗಳನ್ನು ಮಾಡಿಸಿದನೆಂದು ರುದ್ರದಾಮನ ಗಿರಿನಾರ್ ಶಾಸನ, ಸುಮಾರು ನಾಲ್ಕು ಶತಮಾನಗಳ ಅನಂತರವೂ, ನೆನೆಯುತ್ತದೆ. ಲುಂಬಿನಿಗೆ ಹೋದಾಗ ಆ ಹಳ್ಳಿಯ ಬಲಿ ತೆರಿಗೆಯನ್ನು ಬಿಟ್ಟು ಭೂಮಿಯ ಪಾಲನ್ನು ಎಂಟನೆಯ ಒಂದಕ್ಕೆ ಇಳಿಸಿದ್ದು ಅಭಿಷೇಕದ ಇಪ್ಪತ್ತು ವರ್ಷಗಳ ಅನಂತರದ ಘಟನೆ.

ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಸ್ತಂಭಶಾಸನ ಇನ್ನೂ ನಿಷ್ಠುರವಾದುದು. ಗಿಳಿ, ಗೊರವಂಕ, ಬಾವಲಿ, ಆಮೆ, ಮುಳ್ಳುಹಂದಿ ಮೊದಲಾದವುಗಳ ಪಟ್ಟಿ ಕೊಟ್ಟು, ಬಳಕೆಗೂ ಬಾರದ ತಿನ್ನಲೂ ಒದಗದ ಚತುಷ್ಪಾದಿಗಳೆಲ್ಲ ಅವಧ್ಯವೆಂದು ಅದು ಸಾರುತ್ತದೆ. ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಕಾಡಿಗೆ ನಿಷ್ಕಾರಣವಾಗಿ ಅಥವಾ ಹಿಂಸೆಗಾಗಿ ಬೆಂಕಿಯಿಡಬಾರದು. ನಿರ್ದಿಷ್ಟ ದಿನಗಳಲ್ಲಿ ಮೀನನ್ನು ಹಿಡಿದು ಮಾರಬಾರದು. ಆನೆಗಾಡುಗಳಲ್ಲಿಯೂ ಬೆಸ್ತರ ಪ್ರದೇಶಗಳಲ್ಲಿಯೂ ಆ ದಿನಗಳಲ್ಲಿ ಇತರ ಪ್ರಾಣಿಗಳನ್ನೂ ಕೊಲ್ಲಬಾರದು. ಈ ಪಟ್ಟಿಯನ್ನು ಸೂಕ್ಷ್ಮವಾಗಿ ನೋಡಿದರೆ ಇದು ಸಂಪೂರ್ಣ ನಿಷೇಧವಲ್ಲ, ಬಳಕೆಯ ನಿಯಂತ್ರಣ ಎಂಬುದು ಹೊಳೆಯುತ್ತದೆ. ಸಂತತಿ ಉಳಿಯಲಿ, ಜನರ ಆಹಾರವೂ ನಡೆಯಲಿ ಎಂಬ ವಿವೇಚನೆ ಅದರ ಹಿಂದಿದೆ. ಅರಮನೆಯ ಅಡುಗೆಮನೆಯಲ್ಲಿಯೇ ಎರಡು ನವಿಲು, ಒಂದು ಜಿಂಕೆ ಇನ್ನೂ ಉಳಿದಿದ್ದವೆಂದು ಅಶೋಕನು ಮುಚ್ಚುಮರೆಯಿಲ್ಲದೆ ಬರೆಯಿಸಿದ್ದನು.

ಆದರೆ ಬೇಟೆಗಾರ, ಬೆಸ್ತ, ಅಡವಿಯ ಜನ ಇವರ ಅಭಿಪ್ರಾಯವನ್ನು ಕೇಳಿದ ಕುರುಹು ಎಲ್ಲಿಯೂ ಇಲ್ಲ. ಕಳಿಂಗದ ಪಶ್ಚಾತ್ತಾಪವನ್ನು ಹೇಳುವ ಅದೇ ಶಾಸನದಲ್ಲಿ ಅಟವಿಯ ಜನರಿಗೆ ಸಮಾಧಾನದ ಜೊತೆಗೆ ಎಚ್ಚರಿಕೆಯೂ ಇದೆ: ಅರಸನು ಪರಿತಪಿಸುತ್ತಿದ್ದರೂ ದಂಡಿಸುವ ಶಕ್ತಿ ಅವನಲ್ಲಿದೆ. ಸ್ತಂಭಶಾಸನಗಳು ದಕ್ಷಿಣದಲ್ಲಿ ದೊರೆತಿಲ್ಲವಾದ್ದರಿಂದ ಆ ಕಟ್ಟಳೆಗಳು ಇಸಿಲದಲ್ಲಿ ಜಾರಿಯಲ್ಲಿದ್ದವೆಂದು ಊಹಿಸುವುದು ಸಾಧುವಲ್ಲ. ಆದರೂ ಮಳೆ ಕಡಿಮೆಯಾದ, ಕುರುಚಲು ಕಾಡು ಮತ್ತು ಹುಲ್ಲುಗಾವಲನ್ನೇ ನೆಚ್ಚಿದ ಈ ಸೀಮೆಯಲ್ಲಿ ಪ್ರಶ್ನೆ ಹಳೆಯದಾಗಿಲ್ಲ. ನೆರೆಯ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಭೂಮಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಆ ಹುಲ್ಲನ್ನು ನಂಬಿದ ದನಗಾಹಿ ಕುರಿಗಾಹಿಗಳ ಹಕ್ಕಿನ ಮಾತು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂದುದನ್ನು ಇಲ್ಲಿ ನೆನೆಯಬಹುದು.

ಆಜ್ಞೆ ಜನರನ್ನು ತಲುಪುವ ಬಗೆಯೂ ವಿಚಾರಾರ್ಹ. ಎರ್ರಗುಡಿಯ ಪಾಠದಲ್ಲಿ ರಜ್ಜುಕನು ಭೇರಿ ಹೊಡೆಯಿಸಿ ಜಾನಪದರಿಗೆ ತಿಳಿಸಬೇಕೆಂಬ ಸೂಚನೆಯಿದೆ; ಬ್ರಹ್ಮಗಿರಿಯ ಪಾಠದಲ್ಲಿ ಅದಿಲ್ಲ. ಇಲ್ಲಿ ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಯ ಹೆಸರನ್ನು ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಭಾಷೆ ಪ್ರಾಕೃತ, ನೆಲ ದ್ರಾವಿಡ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲಲ್ಲಿ ಅಗೆಸಿದಾಗ ನಯಗೊಳಿಸಿದ ಕಲ್ಗೊಡಲಿಗಳ ಸಂಸ್ಕೃತಿಯೂ ಕಬ್ಬಿಣ ಬಳಸಿದ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿಯೂ ಹೊರಬಂದವು. ಅಶೋಕನ ಆಡಳಿತ ಎದುರುಗೊಂಡದ್ದು ತಮ್ಮದೇ ಆದ ಬದುಕಿನ ಕ್ರಮವಿದ್ದ ಇಂಥ ಜನರನ್ನು.

ಇಪ್ಪತ್ತೇಳು ವರ್ಷಗಳಾದಾಗ ಅಶೋಕನು ತನ್ನ ಕೆಲಸಗಳನ್ನು ಸ್ತಂಭವೊಂದರಲ್ಲಿ ಹಿನ್ನೋಟವಾಗಿ ದಾಖಲಿಸಿದನು. ನೆರಳಿಗೆ ಆಲದ ಮರಗಳು, ಮಾವಿನ ತೋಪುಗಳು, ಬಾವಿಗಳು, ತಂಗುದಾಣಗಳು, ಅರವಟ್ಟಿಗೆಗಳು ಇವನ್ನೆಲ್ಲ ಹೇಳಿ, ಇವು ಹಿಂದಿನ ಅರಸರೂ ಮಾಡಿದ ಸಣ್ಣ ಉಪಕಾರಗಳೆಂದೂ, ಕಟ್ಟಳೆಗಿಂತ ಮನವರಿಕೆಯಿಂದ ಜನ ಹೆಚ್ಚು ಬದಲಾದರೆಂದೂ ಅವನು ಅಭಿಪ್ರಾಯಪಟ್ಟನು. ವರ್ಷಗಟ್ಟಲೆ ಕಟ್ಟಳೆ ಮಾಡಿದ ಅರಸನ ಈ ಮಾತು ತೂಕದ್ದು. ತೀವರನ ತಾಯಿಯಾದ ಎರಡನೆಯ ರಾಣಿ ಕಾರುವಾಕಿಯ ಮಾವಿನ ತೋಪು, ಉದ್ಯಾನ, ದಾನಗೃಹಗಳನ್ನು ಅವಳ ಹೆಸರಿನಲ್ಲಿಯೇ ಎಣಿಸಬೇಕೆಂದೂ ಅವನು ಅಪ್ಪಣೆ ಮಾಡಿದ್ದನು.

ಸುಮಾರು ಕ್ರಿ.ಪೂ. 232ರಲ್ಲಿ ಅಶೋಕನು ತೀರಿಕೊಂಡನು. ಕೊನೆಗಾಲದಲ್ಲಿ ಭಂಡಾರವೆಲ್ಲ ಸಂಘಕ್ಕೆ ದಾನವಾಗಿ ಹರಿದುಹೋಗುತ್ತಿದ್ದುದನ್ನು ಕಂಡು ಮಂತ್ರಿಗಳು ಅವನ ಕೈ ಕಟ್ಟಿದರೆಂದೂ, ಅವನಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ ಮಾತ್ರವೆಂದೂ, ಅದನ್ನೂ ಅವನು ಸಂಘಕ್ಕೇ ಕಳುಹಿಸಿದನೆಂದೂ ಅಶೋಕಾವದಾನದ ಕಥೆ. ಮೌರ್ಯರ ಆಳ್ವಿಕೆ ಅವನ ಬಳಿಕ ಅರ್ಧ ಶತಮಾನದಷ್ಟೇ ನಡೆಯಿತು. ಇಸಿಲವೆಂಬ ಹೆಸರು ಬಳಕೆಯಿಂದ ಅಳಿಸಿಹೋಗಿ, ಸಿದ್ದಾಪುರದ ಬಳಿಯ ಬಂಡೆಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಓದುಗರಿಲ್ಲದೆ ಉಳಿಯಿತು.